ಬಣ್ಣದ ವೇಷದ ಕಲ್ಲುಮನೆ

"ಎಂತ ಮಾವ, ಇಲ್ಲದ ಸಿನಿಮಾ ನೋಡ್ಲಿಕ್ಕೆ ಇಷ್ಟು ದೂರ ಬಂದದ್ದಾ?"

ಕಾರು ನಿಲ್ಲಿಸಿ ಅಳಿಯ ಕೇಳಿದ. ತಂಗಿಯ ಮಗ; ಲಾಸ್ ಏಂಜಲಿಸ್‌ಗೆ ಬಂದು ಎಂಟು ವರ್ಷವಾದರೂ ಮಾತಿನಲ್ಲಿ ಪುತ್ತೂರು ಹಾಗೇ ಉಳಿದಿದೆ. ನಾವಿದ್ದದ್ದು ಕಲ್ವರ್ ಸಿಟಿಯ ರೇನ್‌ಟ್ರೀ ಎಂಬ ವಸತಿ ಸಮುಚ್ಚಯದ ಎದುರು. ಒಪ್ಪವಾಗಿ ಕತ್ತರಿಸಿದ ಬೇಲಿ, ಅದರಾಚೆ ಮರಗಳು, ನಾಯಿಯನ್ನು ಹಿಡಿದುಕೊಂಡು ಮೆಲ್ಲಗೆ ನಡೆಯುತ್ತಿದ್ದ ಒಬ್ಬ ಮುದುಕಿ. ಎಂಜಿಎಂ ಸ್ಟುಡಿಯೋದ ಮೂರನೇ ಲಾಟ್ ಇದ್ದ ಜಾಗ ಇದು. ಒಂದು ಕಾಲಕ್ಕೆ ಇಲ್ಲಿ ಸುಳ್ಳು ಬೀದಿಗಳು, ಸುಳ್ಳು ಊರುಗಳು, ಬೇಕೆಂದಾಗ ಸಮುದ್ರವಾಗುತ್ತಿದ್ದ ಕೊಳಗಳು ಎಲ್ಲ ಇದ್ದವು. 1970ರ ದಶಕದಲ್ಲಿ ಸ್ಟುಡಿಯೋ ಸೊರಗಿದಾಗ ಜಾಗ ಮಾರಾಟವಾಯಿತು, ಸುಳ್ಳು ಮನೆಗಳನ್ನು ಕೆಡವಿ ನಿಜವಾದ ಮನೆಗಳನ್ನು ಕಟ್ಟಿದರು. ಹತ್ತಿರದ ಎರಡನೇ ಲಾಟಿನಲ್ಲಿ ಎದ್ದ ಬಡಾವಣೆಯ ಬೀದಿಗಳಿಗೆ ನಟನಟಿಯರ ಹೆಸರಿಟ್ಟಿದ್ದಾರೆ: ಆಸ್ಟೇರ್, ಗಾರ್ಲ್ಯಾಂಡ್, ಹೆಪ್‌ಬರ್ನ್. ಅಳಿಯ ಆ ಫಲಕಗಳನ್ನೆಲ್ಲ ಒಂದು ಸುತ್ತು ತೋರಿಸಿದ. ನಾನು ಹುಡುಕಿ ಬಂದವನ ಹೆಸರು ಅಲ್ಲೆಲ್ಲೂ ಕಣ್ಣಿಗೆ ಬೀಳಲಿಲ್ಲ.

"ಈ ಊರಲ್ಲೇ ಸುಟ್ಟದ್ದು ಮಾರಾಯ" ಎಂದೆ.

1965ರಲ್ಲಿ ಎಂಜಿಎಂನ ಏಳನೇ ನಂಬರಿನ ಉಗ್ರಾಣಕ್ಕೆ ಬೆಂಕಿ ಬಿತ್ತು. ಕಾರಣ ವಿದ್ಯುತ್ತಿನ ಶಾರ್ಟ್ ಸರ್ಕ್ಯೂಟ್. ಕಾಂಕ್ರೀಟಿನ ಗೋಡೆಗಳ ಒಳಗೆ ಮೂಕಿ ಕಾಲದ ರೀಲುಗಳನ್ನು ಡಬ್ಬಗಳಲ್ಲಿ ಅಡಕಿದ್ದರು. ಆಗಿನ ಫಿಲಂ ನೈಟ್ರೇಟಿನದು, ಅಂದರೆ ತುಪಾಕಿಯ ಮದ್ದಿಗೆ ದಾಯಾದಿಯಾಗುವ ವಸ್ತು. ಅದು ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ಅದೇ ಹುಟ್ಟಿಸಿಕೊಳ್ಳುತ್ತದೆ. ಹತ್ತಿದ ಮೇಲೆ ನೀರಲ್ಲಿ ಮುಳುಗಿಸಿದರೂ ಆರದು. ಆ ದಿನ ಬೂದಿಯಾದ ಚಿತ್ರಗಳಲ್ಲಿ ಒಂದರ ಹೆಸರು 'ಲಂಡನ್ ಆಫ್ಟರ್ ಮಿಡ್‌ನೈಟ್'. ಟಾಡ್ ಬ್ರೌನಿಂಗ್ ನಿರ್ದೇಶಿಸಿ, ಲಾನ್ ಚೇನಿ ನಟಿಸಿ, 1927ರ ಡಿಸೆಂಬರಿನಲ್ಲಿ ತೆರೆಕಂಡ ಏಳು ರೀಲಿನ ಮೂಕಿ ಚಿತ್ರ. ರಕ್ತ ಹೀರುವ ಪಿಶಾಚಿಯ ಕಥೆ. ಅದರ ಕೊನೆಯ ಪ್ರತಿ ಅಲ್ಲಿದ್ದದ್ದು ಎನ್ನುತ್ತಾರೆ. ಅಂದಿನಿಂದ ಇಂದಿನವರೆಗೆ ಜಗತ್ತಿನ ಯಾವ ಅಟ್ಟದಲ್ಲೂ, ಯಾವ ನೆಲಮಾಳಿಗೆಯಲ್ಲೂ ಇನ್ನೊಂದು ಪ್ರತಿ ಸಿಕ್ಕಿಲ್ಲ. ಸಿಕ್ಕಿತೆಂಬ ಸುದ್ದಿ ಮಾತ್ರ ಆಗಾಗ ಹುಟ್ಟುತ್ತದೆ, ನಾಲ್ಕು ದಿನ ಓಡಾಡಿ ಸಾಯುತ್ತದೆ.

ಇಂಥದ್ದರ ಬೆನ್ನು ಹತ್ತಲು ನನಗೇನು ಬಂದಿತ್ತು ಎಂದು ಕೇಳಬಹುದು. ಮಂಗಳೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ಹಳೆ ಪುಸ್ತಕದಂಗಡಿಯೊಂದರಲ್ಲಿ ರಟ್ಟು ಹರಿದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತ್ತು. ಅದರ ನಡುವೆ, ಈ ಚಿತ್ರದ ಚೇನಿಯದು, ಇಡೀ ಪುಟದ ಒಂದು ಫೋಟೋ. ಎತ್ತರದ ಬೀವರ್ ತುಪ್ಪಳದ ಟೋಪಿ, ಹೆಗಲ ಮೇಲೆ ಹರಡಿದ ಒಣಕಲು ಕೂದಲು, ಗುಡ್ಡೆ ಹೊರಬಿದ್ದ ಕಣ್ಣು, ಮತ್ತು ಬಾಯಿ! ಶಾರ್ಕ್ ಮೀನಿನ ಹಾಗೆ ಒತ್ತೊತ್ತಾಗಿ ಚೂಪು ಹಲ್ಲುಗಳು, ಕಿವಿಯವರೆಗೆ ಸೀಳಿದ ನಗು. ಹೆದರಿಕೆಗಿಂತ ಹೆಚ್ಚಾಗಿ ನನಗಾದದ್ದು ಗುರುತು ಹಿಡಿದ ಸಂತೋಷ. ಇದು ಬಣ್ಣದ ವೇಷ!

ತೆಂಕುತಿಟ್ಟಿನ ಯಕ್ಷಗಾನದ ಆಟ ನೋಡಿದವರಿಗೆ ಹೇಳಬೇಕಾಗಿಲ್ಲ. ಮಹಿಷಾಸುರನೋ ರಾವಣನೋ ಬಣ್ಣ ಹಚ್ಚುವ ಚೌಕಿಯಲ್ಲಿ ಕನ್ನಡಿ ಹಿಡಿದು ಕೂತರೆ ಮೂರು ನಾಲ್ಕು ಗಂಟೆ ಏಳುವಂತಿಲ್ಲ. ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯಲ್ಲಿ ಒಂದೊಂದೇ ಮುಳ್ಳಾಗಿ ಮುಖದ ಮೇಲೆ ಇಡಬೇಕು. ನಡುರಾತ್ರಿ ಕಳೆದ ಮೇಲೆ, ಮಕ್ಕಳೆಲ್ಲ ತೂಕಡಿಸುವ ಹೊತ್ತಿಗೆ, ಸಭೆಯ ಹಿಂದಿನಿಂದ ದೊಂದಿ ಹೊತ್ತಿಸಿ ರಾಳದ ಪುಡಿ ಎರಚಿ, ಭುಗಿಲೆಂದ ಬೆಂಕಿಯ ನಡುವೆ ಆರ್ಭಟಿಸುತ್ತ ಮಹಿಷಾಸುರ ಬರುವುದು. ಆರು ವರ್ಷದವನಿದ್ದಾಗ ಅಮ್ಮನ ಸೀರೆಯೊಳಗೆ ಹೊಕ್ಕು ನಾನು ಅದನ್ನು ನೋಡಿದ್ದೆ. ಬೆಳಗಾದ ಮೇಲೆ ಅಜ್ಜ ಕೈಹಿಡಿದು ಚೌಕಿಗೆ ಕರೆದುಕೊಂಡು ಹೋದರು. ಅಲ್ಲಿ ಸಣಕಲು ದೇಹದ ಒಬ್ಬರು ತೆಂಗಿನೆಣ್ಣೆ ಹಚ್ಚಿ ಮುಖ ಉಜ್ಜುತ್ತ, ಕೆಮ್ಮುತ್ತ, ಚಹಾ ಕುಡಿಯುತ್ತ ಕೂತಿದ್ದರು. "ಇವರೇ ಮಹಿಷಾಸುರ" ಎಂದರು ಅಜ್ಜ. ನಾನು ನಂಬಲಿಲ್ಲ. ಈಗಲೂ ಪೂರ್ತಿ ನಂಬಿಲ್ಲ.

ಅಮೆರಿಕದ ಈ ಬಣ್ಣದ ವೇಷಧಾರಿ ಚೇನಿಯೂ ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಿದ್ದವನು. ಸಾವಿರ ಮುಖದವನು ಎಂದೇ ಅವನಿಗೆ ಬಿರುದು. ಹುಟ್ಟಿದ್ದು 1883ರ ಏಪ್ರಿಲ್ 1ರಂದು, ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ. ತಂದೆಗೂ ತಾಯಿಗೂ ಕಿವಿ ಕೇಳುತ್ತಿರಲಿಲ್ಲ, ಮಾತಿರಲಿಲ್ಲ. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ತಾಯಿ ಸಂಧಿವಾತದಿಂದ ಹಾಸಿಗೆ ಹಿಡಿದಳು. ಮಗ ಶಾಲೆ ಬಿಟ್ಟು ಅವಳ ಆರೈಕೆಗೆ ನಿಂತ. ಊರಲ್ಲಿ ಏನು ನಡೆಯಿತು, ಯಾರು ಯಾರೊಡನೆ ಜಗಳವಾಡಿದರು, ಯಾರ ಟೋಪಿ ಗಾಳಿಗೆ ಹಾರಿತು, ಎಲ್ಲವನ್ನೂ ಮುಖದಲ್ಲಿ, ಕೈಯಲ್ಲಿ ಆಡಿ ತೋರಿಸಬೇಕು. ಮೂಕಿ ಚಿತ್ರದ ನಟನಿಗೆ ಇದಕ್ಕಿಂತ ದೊಡ್ಡ ಗುರುಕುಲ ಬೇರೆ ಎಲ್ಲಿದೆ? ಆಮೇಲೆ 'ದ ಹಂಚ್‌ಬ್ಯಾಕ್ ಆಫ್ ನಾಟ್ರೆ ಡಾಮ್'ನ ಗೂನ, 'ದ ಫ್ಯಾಂಟಮ್ ಆಫ್ ದಿ ಆಪೆರಾ'ದ ತಲೆಬುರುಡೆಯ ಮುಖದವ, ಎಲ್ಲ ಆದ. ಅಲ್ಲಿ ಆ ಕಾಲದಲ್ಲಿ ಒಂದು ಚೇಷ್ಟೆಯ ಮಾತು ಚಾಲ್ತಿಯಲ್ಲಿತ್ತಂತೆ: ಜೇಡವನ್ನು ತುಳಿಯಬೇಡಿ, ಅದು ಲಾನ್ ಚೇನಿ ಇದ್ದರೂ ಇರಬಹುದು.

ಆಸ್ಕರ್ ಕೊಡುವ ಅಕಾಡೆಮಿಯ ಮಾರ್ಗರೆಟ್ ಹೆರಿಕ್ ಗ್ರಂಥಾಲಯಕ್ಕೆ ಹೋದದ್ದು ಮರುದಿನ. ಬೆವರ್ಲಿ ಹಿಲ್ಸ್‌ನಲ್ಲಿ ಲಾ ಸಿಯೆನೆಗಾ ರಸ್ತೆಯ ಬದಿ, ಸ್ಪ್ಯಾನಿಷ್ ಇಗರ್ಜಿಯಂತೆ ಗೋಪುರ ಹೊತ್ತ ಕಟ್ಟಡ. ಇಗರ್ಜಿಯಲ್ಲ, 1928ರಲ್ಲಿ ಕಟ್ಟಿದ ನೀರು ಶುದ್ಧೀಕರಣದ ಕಾರ್ಖಾನೆ! ಈಗ ಅಲ್ಲಿ ಸಿನಿಮಾದ ಕಾಗದಪತ್ರಗಳಿವೆ. ದುಡ್ಡಿಲ್ಲ, ಶಿಫಾರಸು ಪತ್ರ ಬೇಕಿಲ್ಲ, ಗುರುತಿನ ಚೀಟಿ ಇದ್ದರೆ ಯಾರು ಬೇಕಾದರೂ ಕೂತು ಓದಬಹುದು. ಚೀಲವನ್ನೂ ಪೆನ್ನನ್ನೂ ಹೊರಗಿಟ್ಟು ಪೆನ್ಸಿಲಿನೊಡನೆ ಒಳಹೊಕ್ಕೆ. ಎದುರು ತಂದಿಟ್ಟ ಕಡತದಲ್ಲಿ ಆ ಇಲ್ಲದ ಚಿತ್ರದ ಫೋಟೋಗಳು.

ಚಿತ್ರೀಕರಣದ ಹೊತ್ತಿಗೆ ಪ್ರಚಾರಕ್ಕೆಂದು ತೆಗೆದವು ಇವು. ಚಿತ್ರ ಸುಟ್ಟಿತು, ಜಾಹೀರಾತು ಉಳಿಯಿತು. 2002ರಲ್ಲಿ ರಿಕ್ ಶ್ಮಿಡ್ಲಿನ್ ಇಂಥ ಸುಮಾರು ಇನ್ನೂರು ಫೋಟೋಗಳನ್ನು ಕಥೆಯ ಅನುಕ್ರಮದಲ್ಲಿ ಜೋಡಿಸಿ, ಸಂಗೀತ ಸೇರಿಸಿ, ಟರ್ನರ್ ಚಾನೆಲ್‌ಗಾಗಿ ಮುಕ್ಕಾಲು ಗಂಟೆಯ ಒಂದು ರೂಪ ಕಟ್ಟಿದರು. ಅದನ್ನು ನಾನು ಮನೆಯಲ್ಲೇ ನೋಡಿದ್ದೆ. ಯಾರೂ ಅಲುಗಾಡದ ಸಿನಿಮಾ; ಕೆಮರಾ ಮಾತ್ರ ಫೋಟೋದ ಮೇಲೆ ಇರುವೆಯಂತೆ ಹರಿದಾಡುತ್ತದೆ. ನನಗೆ ಅದು ತೃಪ್ತಿ ಕೊಟ್ಟಿರಲಿಲ್ಲ. ಇಲ್ಲಿ ಒಂದೊಂದೇ ಹಾಳೆಯಾಗಿ ಬೆಳಕಿಗೆ ಹಿಡಿದಾಗ ಅನಿಸಿದ್ದೇ ಬೇರೆ. ಎಡ್ನಾ ಟಿಚೆನರ್ ಎಂಬ ನಟಿ ಬಾವಲಿ ಹುಡುಗಿಯ ವೇಷದಲ್ಲಿ ಶವದ ಬಿಳುಪಿನಲ್ಲಿ ನಿಂತಿದ್ದಾಳೆ. ಪಕ್ಕದಲ್ಲಿ ಟೋಪಿಯ ಮನುಷ್ಯ, ಕೈಯಲ್ಲಿ ಲಾಟೀನು. ಆ ಕಣ್ಣಿಗೆ ಅವನು ತೆಳು ತಂತಿಯ ಬಳೆಗಳನ್ನು ರೆಪ್ಪೆಯೊಳಗೆ ಸಿಕ್ಕಿಸಿಕೊಂಡಿದ್ದನಂತೆ. ಹಲ್ಲಿನ ಕಟ್ಟನ್ನು ಹೆಚ್ಚು ಹೊತ್ತು ಬಾಯಲ್ಲಿ ಇಟ್ಟುಕೊಳ್ಳಲಾಗುತ್ತಿರಲಿಲ್ಲವಂತೆ. ಅವನ ಬಣ್ಣದ ಪೆಟ್ಟಿಗೆ ಇದೇ ಊರಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಸಂಗ್ರಹಕ್ಕೆ ಸೇರಿದೆ. ಅದರ ಚಿತ್ರ ನೋಡಿದಾಗ ನನಗೆ ಕಂಡದ್ದು ಅರದಾಳ, ಇಂಗಳೀಕ, ಕಾಡಿಗೆಯ ಕರಟಗಳು.

ಕಡತದಲ್ಲಿ ಇನ್ನೊಂದು ಬಗೆಯ ಫೋಟೋಗಳೂ ಇದ್ದವು. ನರೆತ ಕೂದಲಿನ, ಸೂಟು ತೊಟ್ಟ ಸ್ಕಾಟ್ಲೆಂಡ್ ಯಾರ್ಡಿನ ಇನ್‌ಸ್ಪೆಕ್ಟರ್ ಬರ್ಕ್. ಅದೂ ಚೇನಿಯೇ, ಹೆಚ್ಚುಕಮ್ಮಿ ಬರಿಮುಖದಲ್ಲಿ. ಅವನ್ನು ನಾನು ಸರಸರನೆ ಮಗುಚಿಹಾಕಿದೆ. ಟೋಪಿಯವನು ಮುಂದೆ ಕಾಯುತ್ತಿದ್ದ.

ಕಥೆಯ ಗುಟ್ಟು ಇರುವುದೇ ಇಲ್ಲಿ. ಲಂಡನ್ನಿನಲ್ಲಿ ರೋಜರ್ ಬಾಲ್ಫರ್ ಎಂಬ ಶ್ರೀಮಂತ ಗುಂಡೇಟಿನಿಂದ ಸತ್ತಿದ್ದಾನೆ. ಆತ್ಮಹತ್ಯೆ ಎಂದು ಬರ್ಕ್ ಷರಾ ಬರೆಯುತ್ತಾನೆ. ಐದು ವರ್ಷದ ನಂತರ ಆ ಪಾಳುಮನೆಗೆ ಇಬ್ಬರು ಬಾಡಿಗೆಗೆ ಬರುತ್ತಾರೆ: ಟೋಪಿಯ ಮನುಷ್ಯ, ಬಿಳಿಚಿದ ಹುಡುಗಿ. ರಾತ್ರಿ ಲಾಟೀನು ಅಲೆದಾಡುತ್ತದೆ, ನೆರೆಯವರು ನಡುಗುತ್ತಾರೆ. ಕೊನೆಗೆ ತಿಳಿಯುವುದೇನೆಂದರೆ ಪಿಶಾಚಿ ಎಂಬುದೇ ಇಲ್ಲ. ಇದೆಲ್ಲ ಇನ್‌ಸ್ಪೆಕ್ಟರ್ ಹೂಡಿದ ನಾಟಕ. ಟೋಪಿಯವನು ವೇಷ ಹಾಕಿದ ಅವನೇ. ಕೊಲೆಗಾರನನ್ನು ಹೆದರಿಸಿ, ಸಮ್ಮೋಹನಕ್ಕೆ ಒಳಪಡಿಸಿ, ಕೊಲೆ ಹೇಗೆ ಮಾಡಿದನೋ ಹಾಗೆಯೇ ಮತ್ತೆ ಮಾಡಿ ತೋರಿಸುವಂತೆ ಮಾಡುವುದಕ್ಕೆ ಕಟ್ಟಿದ ಬಲೆ. ಅಂದರೆ ಜಗತ್ತು ದಶಕಗಳಿಂದ ಹುಡುಕುತ್ತಿರುವ ಈ ಪಿಶಾಚಿ ಚಿತ್ರದಲ್ಲಿ ಪಿಶಾಚಿಯೇ ಇರಲಿಲ್ಲ! ಇದ್ದದ್ದು ವೇಷ. ಉಳಿದದ್ದೂ ವೇಷವೇ.

ನಿಜ ಹೇಳಬೇಕೆಂದರೆ ಅದು ಅಂಥ ಮಹಾಕೃತಿ ಆಗಿತ್ತೆಂದು ನನಗೂ ಅನಿಸುವುದಿಲ್ಲ. 1950ರ ದಶಕದ ಆರಂಭದಲ್ಲಿ ಅದನ್ನು ನೋಡಲು ಸಿಕ್ಕ ಪುಣ್ಯವಂತರಲ್ಲಿ ಚಿತ್ರ ಇತಿಹಾಸಕಾರ ವಿಲಿಯಂ ಕೆ. ಎವರ್ಸನ್ ಒಬ್ಬರು. ಇದೇ ಕಥೆಯನ್ನು ಬ್ರೌನಿಂಗ್ 1935ರಲ್ಲಿ ಬೇಲಾ ಲುಗೋಸಿಯನ್ನು ಹಾಕಿಕೊಂಡು ಮತ್ತೆ ತೆಗೆದ 'ಮಾರ್ಕ್ ಆಫ್ ದ ವ್ಯಾಂಪೈರ್' ಇದಕ್ಕಿಂತ ಮೇಲು ಎಂಬುದು ಅವರ ಅಭಿಪ್ರಾಯವಾಗಿತ್ತು. ಸುಡದೆ ಉಳಿದಿದ್ದರೆ 'ಲಂಡನ್ ಆಫ್ಟರ್ ಮಿಡ್‌ನೈಟ್' ಯಾವುದಾದರೂ ಡಿವಿಡಿ ಪೆಟ್ಟಿಗೆಯ ಮೂಲೆಯಲ್ಲಿ ಕೂತಿರುತ್ತಿತ್ತೇನೋ. ಸುಮಾರು ಒಂದೂವರೆ ಲಕ್ಷ ಡಾಲರ್ ಖರ್ಚಿನಲ್ಲಿ ತೆಗೆದ ಚಿತ್ರ ಅದು. 2014ರಲ್ಲಿ ಡಲ್ಲಾಸಿನ ಹರಾಜಿನಲ್ಲಿ ಅದರ ಒಂದೇ ಒಂದು ಗೋಡೆ ಪೋಸ್ಟರು 4,78,000 ಡಾಲರಿಗೆ ಹೋಯಿತು.

ಕಳೆದುಹೋದದ್ದಕ್ಕೆ ಬೆಲೆ ಹೆಚ್ಚು ಎನ್ನುವ ಮೊದಲು ನಮ್ಮ ಕಡೆಯದನ್ನು ನೆನೆಯಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ನೂರಕ್ಕೆ ಎಪ್ಪತ್ತು ಪೂರ್ತಿ ಇಲ್ಲವಾಗಿವೆ. ಅವರಿಗೆ ಲೆಕ್ಕವಾದರೂ ಇದೆ. ಕೈಲಾಸಂ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ, ಮೋಹನ ಭವನಾನಿಯವರ ಮೂಕಿ 'ಮೃಚ್ಛಕಟಿಕ' ಇಂದು ನೋಡಲು ಸಿಗುವುದಿಲ್ಲ. 1934ರ 'ಸತಿ ಸುಲೋಚನ', ಕನ್ನಡದ ಮೊದಲ ಮಾತಿನ ಚಿತ್ರ, ಅದರ ಪ್ರತಿಯೂ ಇಲ್ಲ. 2003ರ ಜನವರಿಯಲ್ಲಿ ಪುಣೆಯ ಫಿಲಂ ಸಂಗ್ರಹದ ನೈಟ್ರೇಟ್ ಉಗ್ರಾಣಕ್ಕೂ ಬೆಂಕಿ ಬಿದ್ದು ಸಾವಿರಾರು ರೀಲು ಹೋದವು. ಕೈಲಾಸಂ ತೆರೆಯ ಮೇಲೆ ಹೇಗೆ ನಡೆದರು, ಹೇಗೆ ಹುಬ್ಬು ಏರಿಸಿದರು ಎಂದು ನೋಡುವ ಆಸೆ ನನಗೆ ಟೋಪಿಯವನ ಹಲ್ಲಿಗಿಂತ ಹೆಚ್ಚಿದೆ. ಎಲ್ಲಿಗೆ ಹೋಗಿ ಹುಡುಕಲಿ?

ಚೇನಿ ಸತ್ತದ್ದು 1930ರ ಆಗಸ್ಟ್ 26ರಂದು, ಗಂಟಲಿನ ರಕ್ತಸ್ರಾವದಿಂದ, 47ನೇ ವಯಸ್ಸಿನಲ್ಲಿ. ಕೊನೆಗೆ ಮಾತೂ ನಿಂತುಹೋಗಿ ಮತ್ತೆ ಕೈಸನ್ನೆಯಲ್ಲೇ ಹೇಳಬೇಕಾಯಿತು ಎನ್ನುತ್ತಾರೆ. ಮಾತಿನ ಚಿತ್ರ ಅಂತ ಮಾಡಿದ್ದು ಒಂದೇ. ಗ್ಲೆಂಡೇಲಿನ ಫಾರೆಸ್ಟ್ ಲಾನ್ ಸ್ಮಶಾನದ ದೊಡ್ಡ ಸಮಾಧಿ ಮಂದಿರದೊಳಗೆ ಅವನನ್ನು ಇಟ್ಟಿದ್ದಾರೆ. ಗೂಡಿನ ಮೇಲೆ ಹೆಸರಿಲ್ಲ. ಕಂಡಲ್ಲೆಲ್ಲ ಹೆಸರು ಕೆತ್ತುವ ಈ ಊರಿನಲ್ಲಿ ಅವನಿಗೊಂದು ಅಕ್ಷರವೂ ಬೇಡವಾಯಿತು. ಹಾಗಾದರೆ ಅವನನ್ನು ಎಲ್ಲಿ ನೋಡುವುದು?

"ಅವನೊಂದು ಮನೆ ಕಟ್ಟಿಸಿದ್ದ, ಬೆಟ್ಟದಲ್ಲಿ. ಅದು ಇದೆ" ಎಂದೆ.

"ಎಷ್ಟು ದೂರ?"

"ಇನ್ನೂರೈವತ್ತು ಮೈಲಿ. ಆಮೇಲೆ ನಡೆಯಬೇಕು."

ಅಳಿಯ ನಿಟ್ಟುಸಿರು ಬಿಟ್ಟ. ಆದರೆ ಶನಿವಾರ ಬೆಳಗ್ಗೆ ನಾಲ್ಕಕ್ಕೆ ಅವನೇ ನನ್ನನ್ನು ಎಬ್ಬಿಸಿದ.

ಊರು ದಾಟಿ ಮೊಹಾವೆ ಮರುಭೂಮಿಗೆ ಬರುವಾಗ ಬೆಳಕು ಹರಿಯಿತು. ಆಮೇಲೆ 395ನೇ ಹೆದ್ದಾರಿ. ಎಡಕ್ಕೆ ಸಿಯೆರಾ ನೆವಾಡಾ ಒಂದೇ ಏಟಿಗೆ ಗೋಡೆಯಂತೆ ಎದ್ದು ನಿಂತಿದೆ. ಘಟ್ಟಕ್ಕೆ ನಮ್ಮಲ್ಲಿರುವ ತಪ್ಪಲು, ಮೆಲ್ಲನೆ ಏರುವ ಕಾಡು, ಅಂಥದ್ದೇನೂ ಇಲ್ಲ. ಬಲಕ್ಕೆ ಬೋಳು ಬೆಟ್ಟಗಳು. ನಡುವೆ ಓವೆನ್ಸ್ ಕಣಿವೆ. 1913ರಲ್ಲಿ ಮುಲ್‌ಹಾಲಂಡ್ ಎಂಬ ಎಂಜಿನಿಯರ್ ಇಲ್ಲಿಯ ಹೊಳೆಯ ನೀರನ್ನು 233 ಮೈಲಿ ಉದ್ದದ ಕಾಲುವೆಯಲ್ಲಿ ಲಾಸ್ ಏಂಜಲಿಸ್‌ಗೆ ಒಯ್ದ. ಇಲ್ಲಿಯ ಕೆರೆ ಬತ್ತಿ ಉಪ್ಪಿನ ಬಯಲಾಯಿತು. ಗಾಳಿ ಬೀಸಿದರೆ ಈಗಲೂ ಬಿಳಿ ದೂಳು ಏಳುತ್ತದೆ. ಹಾಲಿವುಡ್ಡಿನ ನಲ್ಲಿಯಲ್ಲಿ ಬರುವ ನೀರು ಹೊರಡುವುದು ಇಲ್ಲಿಂದ ಎಂದು ಅಳಿಯನಿಗೆ ಹೇಳಿದೆ. ಎಂಟು ವರ್ಷ ಆ ನೀರು ಕುಡಿದವನಿಗೆ ಅದು ಹೊಸ ಸುದ್ದಿ.

ಲೋನ್ ಪೈನ್‌ನಲ್ಲಿ ಕಾಫಿಗೆ ಇಳಿದೆವು. ಊರ ಹಿಂದೆ ಅಲಬಾಮಾ ಹಿಲ್ಸ್ ಎಂಬ ದುಂಡು ಬಂಡೆಗಳ ರಾಶಿ. 1939ರ 'ಗುಂಗಾ ದಿನ್' ಚಿತ್ರಕ್ಕೆ ಹಾಲಿವುಡ್ ನಮ್ಮ ವಾಯವ್ಯ ಗಡಿನಾಡನ್ನು ಕಟ್ಟಿದ್ದು ಈ ಬಂಡೆಗಳ ನಡುವೆ. ಮೇಲೆ ಮೌಂಟ್ ವಿಟ್ನಿ, 4,421 ಮೀಟರ್. ಹತ್ತು ಮೈಲಿ ದಾಟಿದರೆ ಮಾಂಜನಾರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಹತ್ತು ಸಾವಿರ ಜಪಾನಿ ಮೂಲದವರನ್ನು ಮುಳ್ಳುತಂತಿಯೊಳಗೆ ಕೂಡಿಹಾಕಿದ್ದ ಬಯಲು. ಅಲ್ಲಿ ಇಳಿಯಲಿಲ್ಲ. ಇಳಿದಿದ್ದರೆ ಆ ದಿನ ಬೇರೆಯೇ ಆಗಿಬಿಡುತ್ತಿತ್ತು. ಕಾವಲು ಗೋಪುರವೊಂದು ಹಿಂದೆ ಸರಿಯುವವರೆಗೆ ಇಬ್ಬರೂ ಮಾತಾಡಲಿಲ್ಲ.

ಬಿಗ್ ಪೈನ್ ಎಂಬ ಪುಟ್ಟ ಊರಲ್ಲಿ ಎಡಕ್ಕೆ ತಿರುಗಿ ಹತ್ತು ಮೈಲಿ ಏರಿದರೆ ಗ್ಲೇಷಿಯರ್ ಲಾಡ್ಜ್ ರಸ್ತೆ ಮುಗಿಯುತ್ತದೆ. ಅಲ್ಲಿಂದ ಕಾಲುದಾರಿ. ತಿಂಡಿತಿನಿಸನ್ನು ಕಾರಲ್ಲಿ ಬಿಟ್ಟರೆ ಕರಡಿ ಬಾಗಿಲು ಕಿತ್ತುಹಾಕುತ್ತದೆ ಎಂಬ ಫಲಕ. ಉಳಿದ ಡಬ್ಬಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಅಳಿಯನ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನವನ್ನು ಮಾತ್ರ ಬೆನ್ನಿಗೇರಿಸಿಕೊಂಡೆವು.

ಸೆಪ್ಟೆಂಬರಿನ ಕೊನೆ. ಮೊದಲ ಒಂದು ತಾಸು ಬಿಸಿಲಿನ ಏರು, ದಾರಿಯುದ್ದಕ್ಕೂ ಒಣ ಕುರುಚಲು. ನನ್ನ ಎದೆ ಚಂಡೆಯಂತೆ ಬಡಿಯುತ್ತಿತ್ತು. ಎರಡನೆಯ ಜಲಪಾತದ ಪಕ್ಕ ಮೇಲೇರಿ ಕಣಿವೆಯ ಬಾಯಿ ಹೊಕ್ಕದ್ದೇ ಎಲ್ಲ ಬದಲಾಯಿತು. ತಣ್ಣನೆಯ ಗಾಳಿ, ನೆರಳು, ನೀರಿನ ಸದ್ದು. ಆಸ್ಪೆನ್ ಮರಗಳ ಎಲೆ ಅರಶಿನ ಬಣ್ಣಕ್ಕೆ ತಿರುಗಿದ್ದವು. ಗಾಳಿ ಇಲ್ಲವೆಂದುಕೊಂಡಾಗಲೂ ಆ ಎಲೆಗಳು ನಡುಗುತ್ತಲೇ ಇರುತ್ತವೆ, ನಮ್ಮ ಅಶ್ವತ್ಥದ ಹಾಗೆ. ದಪ್ಪ ತೊಗಟೆಯ ಒಂದು ಜಾತಿಯ ಪೈನ್ ಮರಕ್ಕೆ ಮೂಗು ಒತ್ತಿ ನೋಡು ಎಂದು ಎದುರು ಬಂದ ಒಬ್ಬಾಕೆ ಹೇಳಿದಳು. ಒತ್ತಿದೆ. ವೆನಿಲಾ! ಐಸ್‌ಕ್ರೀಮಿನ ವಾಸನೆ ಬರುವ ಮರವನ್ನು ತಬ್ಬಿಕೊಂಡು ನಾನು ನಿಂತದ್ದನ್ನು ಅಳಿಯ ಫೋಟೋ ತೆಗೆದು ತಂಗಿಗೆ ಕಳಿಸಲು ನೋಡಿದ. ಸಿಗ್ನಲ್ ಇರಲಿಲ್ಲ.

 ಒಂದು ತಿರುವು ದಾಟಿದೆವು. ಮರಗಳ ನಡುವೆ, ಹೊಳೆಯ ದಡದಲ್ಲಿ, ಅದು ಇತ್ತು.

ಗುಡಿಸಲು ಎಂದುಕೊಂಡು ಬಂದಿದ್ದೆ. ಇದು ಕೋಟೆಯ ಒಂದು ತುಂಡು. ಅಲ್ಲೇ ಸಿಕ್ಕ ಬೆಣಚು ಕಲ್ಲುಗಳನ್ನು, ಆಕಾರ ತಿದ್ದಿ ಒಪ್ಪ ಮಾಡದೆ, ಒಂದರ ಮೇಲೊಂದು ಕೂರಿಸಿ ಕಟ್ಟಿದ ಗೋಡೆ. ದಪ್ಪ ಎಷ್ಟೆಂದು ಕಿಟಕಿಯ ಹೊಸ್ತಿಲಿನಲ್ಲಿ ಮೊಳಕೈ ಇಟ್ಟು ನೋಡಿದೆ. ಬೆರಳ ತುದಿಯೂ ಒಳಗೋಡೆಗೆ ತಲುಪಲಿಲ್ಲ. ಕಲ್ಲಿನ ಹೊಗೆಗೂಡು ಮರಗಳಿಗೆ ಪೈಪೋಟಿ ಕೊಡುವಂತೆ ಎದ್ದಿದೆ. ಬಾಗಿಲಿಗೆ ಬೀಗ, ಕಿಟಕಿಗಳು ಮುಚ್ಚಿವೆ. ಅರಣ್ಯ ಇಲಾಖೆಯ ಸುಪರ್ದಿಯಲ್ಲಿರುವ ಕಟ್ಟಡ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಬೆಟ್ಟವೇ ತನ್ನ ಕಲ್ಲುಗಳನ್ನು ಒಟ್ಟುಮಾಡಿ ಮನೆಯಂತೆ ಮುಖ ಮಾಡಿಕೊಂಡ ಹಾಗಿದೆ.

ಇದಕ್ಕೆ ನಕ್ಷೆ ಹಾಕಿದವರು ಪಾಲ್ ವಿಲಿಯಮ್ಸ್. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1923ರಲ್ಲಿ ಸದಸ್ಯತ್ವ ಕೊಟ್ಟ ಮೊದಲ ಕಪ್ಪು ಜನಾಂಗದವರು. ಸಿನಿಮಾ ತಾರೆಯರ ಬಂಗಲೆಗಳನ್ನು ಎಷ್ಟೋ ಕಟ್ಟಿದರು. ಅಂಥ ಎಷ್ಟೋ ಬಡಾವಣೆಗಳಲ್ಲಿ ಅವರ ಜನ ಮನೆ ಕೊಳ್ಳುವಂತಿರಲಿಲ್ಲ. ಕರಿಯನೊಬ್ಬ ಪಕ್ಕದಲ್ಲಿ ಕೂತರೆ ಕೆಲವು ಬಿಳಿಯ ಗಿರಾಕಿಗಳಿಗೆ ಮೈ ಜುಮ್ಮೆನ್ನುತ್ತಿತ್ತು. ಹಾಗಾಗಿ ಮೇಜಿನ ಎದುರು ಬದಿ ಕೂತು, ಗಿರಾಕಿಗೆ ನೇರವಾಗಿ ಕಾಣುವಂತೆ, ತಲೆಕೆಳಗಾಗಿ ನಕ್ಷೆ ಬರೆಯುವುದನ್ನು ಅವರು ಅಭ್ಯಾಸ ಮಾಡಿಕೊಂಡರು. ತಲೆಕೆಳಗಾಗಿ! ಕನ್ನಡಿಯಲ್ಲಿ ನೋಡಿ ಮುಖ ಬರೆದುಕೊಳ್ಳುತ್ತಿದ್ದವನೂ ಎದುರಿನವನ ಕಣ್ಣಿಗೆಂದು ತಿರುಗಿಸಿ ಮನೆ ಬರೆಯುತ್ತಿದ್ದವನೂ ಒಂದು ಮೇಜಿನ ಎರಡು ಬದಿಗೆ ಕೂತದ್ದನ್ನು ಊಹಿಸಿಕೊಂಡು ನಾನು ಹೊಸ್ತಿಲ ಮೇಲೆ ಕೂತೆ.

ಸಿಮೆಂಟಿನಿಂದ ಹಿಡಿದು ಬಾಗಿಲ ತಿರುಗಣಿಯವರೆಗೆ ಎಲ್ಲವೂ ನಾವು ಏದುಸಿರು ಬಿಟ್ಟು ಹತ್ತಿದ ಈ ಕಣಿವೆಯಲ್ಲೇ ಮೇಲೆ ಬಂದಿರಬೇಕು. ಚೇನಿಗೆ ಮೀನು ಹಿಡಿಯುವ ಹುಚ್ಚು. ಚಿತ್ರ ಮುಗಿದರೆ ಪಾರ್ಟಿ ಗೀರ್ಟಿಗೆ ಹೋಗದೆ ಬೆಟ್ಟ ಹತ್ತುತ್ತಿದ್ದ. ಆದರೆ ಈ ಮನೆ ಅವನ ಕೈಗೆ ಬಂದದ್ದು ಬದುಕಿನ ಕೊನೆಯ ವರ್ಷದಲ್ಲಿ. ಎಷ್ಟು ರಾತ್ರಿ ಇಲ್ಲಿ ಮಲಗಿದನೋ. ಎರಡು ಕೈಯ ಬೆರಳು ಬೇಕಾಗಲಾರದು.

ಹೊಳೆಯ ಸದ್ದು ಜೋರಾಗಿತ್ತು. ಮೂಕಿಯ ಅರಸನ ಮನೆ ಮೌನವಾಗಿರುತ್ತದೆ ಎಂದು ನಾನೇಕೆ ಎಣಿಸಿದ್ದೆನೋ! ಮಾತಾಡಬೇಕಾದರೆ ಇಲ್ಲಿ ಕೂಗಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಅಳಿಯ ಆಚೆ ಬಂಡೆಯಿಂದ ಹೊಟ್ಟೆ ಮುಟ್ಟಿ, ಬಾಯಿಗೆ ಕೈ ಒಯ್ದು ತೋರಿಸಿದ. ನಾನು ಬೆನ್ನಚೀಲ ತೋರಿಸಿದೆ. ಚೇನಿಯ ಮನೆಯ ಅಂಗಳದಲ್ಲಿ ಚಿತ್ರಾನ್ನ ತಿಂದೆವು. ಅಳಿಲಿನಂಥ ಒಂದು ಪ್ರಾಣಿ, ಬೆನ್ನ ಮೇಲೆ ಪಟ್ಟೆ, ನೆಲಗಡಲೆಯೊಂದನ್ನು ಕದ್ದು ಕಲ್ಲಿನ ಸಂದಿಗೆ ಓಡಿತು. ಆ ಮನೆಯೊಳಗೆ ಹೋಗಿಬರುವ ಅಧಿಕಾರ ಅದಕ್ಕೆ ಮಾತ್ರ ಇತ್ತು.

ಇಲ್ಲಿಂದ ಮುಂದೆ ಇನ್ನೊಂದು ತಾಸು ಏರಿದರೆ ಕೆರೆಗಳು ಎಂದರು ಯಾರೋ. ತಲೆ ಸಿಡಿಯುತ್ತಿತ್ತು. ಹತ್ತು ಸಾವಿರ ಅಡಿ ಎತ್ತರ ಸಮುದ್ರದ ದಂಡೆಯವನಿಗೆ ಹೇಳಿದ್ದಲ್ಲ. ಆದರೂ ಹೋದೆವು. ಎರಡನೇ ಕೆರೆಯ ನೀರನ್ನು ಕಂಡು ನಾನು ಕೂತುಬಿಟ್ಟೆ. ಆ ಬಣ್ಣಕ್ಕೆ ಯಾವ ಹೆಸರಿಡಲಿ? ನವಿಲಿನ ಕೊರಳಿಗೆ ಹಾಲು ಬೆರೆಸಿದಂತೆ ಎನ್ನಬಹುದು. ಮೇಲಿನ ಪಾಲಿಸೇಡ್ ಹಿಮನದಿ ತನ್ನ ತಳದ ಕಲ್ಲನ್ನು ಹಿಟ್ಟಾಗಿ ಅರೆಯುತ್ತದೆ. ಆ ಹಿಟ್ಟು ನೀರಲ್ಲಿ ತೇಲುತ್ತ ಬೆಳಕನ್ನು ಹೀಗೆ ಒಡೆಯುತ್ತದಂತೆ. ಹಿಂದೆ ಟೆಂಪಲ್ ಕ್ರ್ಯಾಗ್ ಎಂಬ ಶಿಖರ, ಕಪ್ಪು ಗೋಪುರಗಳ ಸಾಲು. ಅರ್ಧ ಗಂಟೆ ಇಬ್ಬರೂ ಸುಮ್ಮನಿದ್ದೆವು. ಟೋಪಿಯವನು ನನಗೆ ಪೂರ್ತಿ ಮರೆತುಹೋಗಿದ್ದ.

ಇಳಿಯುವಾಗ ಬಿಸಿಲು ಶಿಖರದ ಹಿಂದೆ ಸರಿದಿತ್ತು. ಕಲ್ಲುಮನೆಯ ಹತ್ತಿರ ಬರುವಷ್ಟರಲ್ಲಿ ಕಣಿವೆಗೆ ಮಬ್ಬು ಇಳಿದು ಗೋಡೆಯ ಕಲ್ಲುಗಳು ಒಂದೊಂದಾಗಿ ಕಾಣುವುದು ನಿಂತಿತ್ತು. ಅಳಿಯ ನಿಂತ. ಬೆಳಗ್ಗಿನಿಂದ ತಮಾಷೆ ಮಾಡಿದವನು ಈಗ ಆ ಮುಚ್ಚಿದ ಕಿಟಕಿಯನ್ನೇ ನೋಡುತ್ತಿದ್ದ.

"ಮಾವ, ಬಣ್ಣ ತೆಗೆದ ಮೇಲೆ ಅವನ ಮುಖ ಹೇಗಿತ್ತು?"

ಹೊಳೆಯ ಸದ್ದಿಗೆ ಎರಡು ಸಲ ಕೇಳಬೇಕಾಯಿತು.

ತೋರಿಸಲು ಮೊಬೈಲು ತೆಗೆದೆ. ಸಿಗ್ನಲ್ ಇಲ್ಲ. ಹೇಳುತ್ತೇನೆ ಎಂದು ಬಾಯಿ ತೆರೆದೆ. ಗ್ರಂಥಾಲಯದಲ್ಲಿ ಮಗುಚಿಹಾಕಿದ ಆ ಫೋಟೋಗಳು, ನರೆತ ಕೂದಲು, ಸೂಟು. ಕೂದಲಿನ ಕೆಳಗೆ ಏನಿತ್ತು? ಮೂಗು ಹೇಗಿತ್ತು? ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಹಲ್ಲುಗಳು ಬಂದವು, ಒಂದೊಂದಾಗಿ, ಎಣಿಸುವಷ್ಟು ಸ್ಪಷ್ಟವಾಗಿ. ಆಮೇಲೆ ಟೋಪಿ.

"ನೆನಪಿಲ್ಲ ಮಾರಾಯ" ಎಂದೆ.

ಅವನು ಟಾರ್ಚು ಹಚ್ಚಿ ಮುಂದೆ ನಡೆದ. ಕಾರಿನವರೆಗೆ ಇನ್ನೂ ದೂರವಿತ್ತು.